ಮುದ್ದೆಮಾಲು ಹುಂಜವೋ ಹ್ಯಾಟಿಯೋ

೧೩ ಜುಲೈ ೧೯೯೮, ಸೋಮವಾರ

ನಿವೃತ್ತನಾದ ಮೇಲೆ ದಿನಚರಿ ಬರೆಯಬೇಕೆಂದಿದ್ದೆ. ಈವರೆಗೆ ಬರೆಯಲಿಲ್ಲ, ಬರೆಯುವಂಥದ್ದು ಏನೂ ನಡೆಯಲಿಲ್ಲ. ಬೈಲಹೊಂಗಲದ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ಕುಳಿತಿದ್ದಾಗ ನಾನು ಕನ್ನಡಕದ ಮೇಲಿಂದ ನೋಡಿದರೆ ಬಾಗಿಲಲ್ಲಿ ನಿಂತ ಕಕ್ಷಿದಾರರು ಟೊಪ್ಪಿಗೆ ತೆಗೆಯುತ್ತಿದ್ದರು. ಈಗ ಮನೆಯಲ್ಲಿ ಹಾಗೆ ನೋಡಿದರೆ ಭಾಗೀರಥಿ, "ಹಂಗೇನು ನೋಡ್ತೀರಿ, ಕಾಲು ಎತ್ರಿ, ಕಸಾ ಹೊಡೀಬೇಕು" ಎನ್ನುತ್ತಾಳೆ. ಇಷ್ಟು ವರ್ಷ ಹಗಲು ಹೊತ್ತು ಮನೆ ಅವಳೊಬ್ಬಳದೇ ಆಗಿತ್ತು. ಈಗ ಅದರಲ್ಲಿ ನಾನು ಒತ್ತುವರಿ ಮಾಡಿದ್ದೇನೆಂಬಂತೆ ನಡೆದುಕೊಳ್ಳುತ್ತಾಳೆ.

ಇವತ್ತು ಮಾತ್ರ ಬರೆಯುವಂಥದ್ದು ನಡೆಯಿತು. ನಮ್ಮ ಹಿತ್ತಲಿನ ಗೋಡೆಯಾಚೆ ಗಾದಿ ತುಂಬುವ ಮೆಹಬೂಬಸಾಬನ ಮನೆ. ಅದಕ್ಕೆ ಹತ್ತಿಕೊಂಡು ಕಾಯಿಪಲ್ಲೆ ಮಾರುವ ದೇವಕ್ಕನ ಮನೆ. ಮೆಹಬೂಬಸಾಬನ ಹೆಂಡತಿ ಸೈದಾಬಿ ಮತ್ತು ದೇವಕ್ಕ ಓಣಿಯಲ್ಲಿ ಹೆಸರಾದ ಗೆಳತಿಯರು. ಇವತ್ತು ಮಧ್ಯಾಹ್ನ ಇಬ್ಬರ ಗಂಟಲೂ ಓಣಿಯ ಆ ತುದಿಗೆ ಕೇಳುವಂತಿತ್ತು. ಆಮೇಲೆ ಇಬ್ಬರೂ ನಮ್ಮ ಕಟ್ಟೆಗೆ ಬಂದರು. ಸೈದಾಬಿಯ ಕಂಕುಳಲ್ಲಿ ಒಂದು ಬೂದು ಬಣ್ಣದ ಕೋಳಿಮರಿ.

ಸಂಗತಿ ಹೀಗಿದೆ. ಮೊಟ್ಟೆ ಸೈದಾಬಿಯವು, ಕಾವು ಕೊಟ್ಟ ಕೋಳಿ ದೇವಕ್ಕನದು. ಹೀಗೆ ಕೂಡಿ ಮರಿ ಮಾಡಿಸಿದರೆ ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ: ಹೆಣ್ಣು ಮರಿಗಳು, ಅಂದರೆ ಹ್ಯಾಟಿಗಳು, ಕಾವು ಕೊಟ್ಟವರಿಗೆ, ಹುಂಜಗಳು ಮೊಟ್ಟೆ ಕೊಟ್ಟವರಿಗೆ. ಒಳ್ಳೆಯ ಕಾನೂನು. ವಕೀಲರ ಕೈಗೆ ಸಿಕ್ಕಿಲ್ಲವಾದ್ದರಿಂದ ಇನ್ನೂ ಚೊಕ್ಕಟವಾಗಿದೆ. ಈ ಸಲದ ಮರಿಗಳಲ್ಲಿ ಬೆಕ್ಕು, ಹದ್ದು ತಮ್ಮ ಪಾಲು ತಿಂದು ಉಳಿದವುಗಳಲ್ಲಿ ಎರಡು ಖಂಡಿತ ಹ್ಯಾಟಿಗಳೆಂದು ಇಬ್ಬರೂ ಒಪ್ಪುತ್ತಾರೆ. ಈ ಬೂದು ಮರಿಯದೇ ತಕರಾರು.

"ರಾಯರ, ಇದು ಹುಂಜ ಐತ್ರಿ" ಎಂದಳು ಸೈದಾಬಿ. "ನಮ್ಮ ಹುಡುಗ ಸಾಜಿದ್ ಜ್ವರದಾಗ ಬಿದ್ದಾಗ, ಈ ಮೊಟ್ಟಿಯೊಳಗಿನ ಹುಂಜಾನ ಪೀರಗ ಬಿಡತೇನಿ ಅಂತ ಬೇಡಿಕೊಂಡೇನಿ. ಬರೂ ತಿಂಗಳ ಇಪ್ಪತ್ತಕ್ಕ ದರ್ಗಾದಾಗ ಕಂದೂರಿ ಐತಿ. ಇದನ್ನ ಕೊಯ್ದು ಮಂದಿಗೆ ಊಟಕ್ಕ ಹಾಕಬೇಕು."

"ಹುಂಜ ಇದ್ರ ಕೊಯ್ಯಲಿ, ನಾ ಯಾಕ ಬ್ಯಾಡ ಅನ್ನಲಿ" ಎಂದಳು ದೇವಕ್ಕ. "ಆದ್ರ ಇದು ಹ್ಯಾಟಿ. ಜರಾ ಮೈತುಂಬಿದ ಹ್ಯಾಟಿ ಕಂಡ್ರ ಸಾಕು, ಇಕಿಗೆ ಹುಂಜ ಕಾಣತೈತಿ. ನಾಳೆ ಮೊಟ್ಟಿ ಇಡೂ ಜೀವ, ಕೊಯ್ದ ಮ್ಯಾಲ ತಿರುಗಿ ಕೊಡ್ತಾಳೇನ್ರಿ?"

ದೇವಕ್ಕನ ಹಿತ್ತಲಲ್ಲಿ ಬಿಟ್ಟರೆ ಬೆಕ್ಕು ಒಯ್ದಿತೆಂದು ಹೇಳಿಯಾಳೆಂದು ಸೈದಾಬಿಗೆ ಸಂಶಯ. ಸೈದಾಬಿಯ ಹಿತ್ತಲಲ್ಲಿ ಬಿಟ್ಟರೆ ಕೂಗುವ ಮೊದಲೇ ಕತ್ತಿ ಬಿದ್ದೀತೆಂದು ದೇವಕ್ಕನಿಗೆ ಸಂಶಯ. ಹೀಗಾಗಿ ನನ್ನ ಹತ್ತಿರ ಬಂದಿದ್ದಾರೆ. "ನೀವು ತಿನ್ನಾವ್ರಲ್ಲ, ಸಾಕಾವ್ರಲ್ಲ. ಕೋಳಿ ಅಂದ್ರ ಏನಂತ ನಿಮಗ ಗೊತ್ತಽ ಇಲ್ಲ. ನಿಮ್ಮಂಗ ನ್ಯಾಯಾ ಹೇಳಾವ್ರು ಎಲ್ಲಿ ಸಿಗತಾರ್ರಿ?" ಎಂದಳು ದೇವಕ್ಕ. ಮೂವತ್ತೈದು ವರ್ಷ ಬೇರೆಯವರು ಹೇಳಿದ ತೀರ್ಪನ್ನು ಬರೆದುಕೊಂಡವನು ನಾನು. ಒಪ್ಪಿಕೊಂಡೆ.

೧೪ ಜುಲೈ, ಮಂಗಳವಾರ

ಮರಿ ನಮ್ಮ ವಶಕ್ಕೆ ಬಂತು. ಭಾಗೀರಥಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

"ಏನ್ರೀ ಇದು? ನಮ್ಮ ಹಿತ್ತಲದಾಗ ಕೋಳಿ? ಮಠದವರಿಗೆ ಗೊತ್ತಾದ್ರ ನಾಳೆ ತೀರ್ಥಕ್ಕೂ ಕರೆಯೂದಿಲ್ಲ."

ಇದು ಕೋಳಿಯಲ್ಲ, ಮುದ್ದೆಮಾಲು ಎಂದು ತಿಳಿಸಿ ಹೇಳಿದೆ. ವಾದದಲ್ಲಿರುವ ವಸ್ತು ಕೋರ್ಟಿನ ವಶದಲ್ಲಿ ಇರುವಷ್ಟು ದಿನ ಬರೀ ವಸ್ತು; ಅದಕ್ಕೆ ಜಾತಿ ಮೈಲಿಗೆ ಇಲ್ಲ. ಹಿಂದೆ ಒಂದು ಕೇಸಿನಲ್ಲಿ ಒಂಟಿ ಎತ್ತನ್ನು ಕೋರ್ಟಿನ ಬೇವಿನ ಗಿಡಕ್ಕೆ ಕಟ್ಟಿದ್ದೆವು, ಯಾರೂ ಏನೂ ಅನ್ನಲಿಲ್ಲ.

"ಮುದ್ದೆಮಾಲು ಅಂಗಳದಾಗ ಹೊಲಸು ಮಾಡತದೇನು?" ಎಂದು ಕೇಳಿದಳು. ಅಷ್ಟರಲ್ಲಿ ಮುದ್ದೆಮಾಲೇ ಉತ್ತರ ಕೊಟ್ಟಿತು.

ಕೊನೆಗೆ ಷರತ್ತುಗಳ ಮೇಲೆ ಒಪ್ಪಂದವಾಯಿತು. ಮರಿ ಬಚ್ಚಲದ ಆಚೆ ಬುಟ್ಟಿಯಡಿ ಇರಬೇಕು. ತುಳಸಿಕಟ್ಟೆಯ ಈ ಕಡೆ ಕಾಲಿಡಬಾರದು. ಅದರ ಕೆಳಗಿನ ಕಸ ನಾನೇ ಬಳಿಯಬೇಕು. ಅವಳು ಆ ಕಡೆ ಕಣ್ಣು ಕೂಡ ಹಾಯಿಸುವುದಿಲ್ಲ. ಆಮೇಲೆ ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ಮನೆ ಶಾಂತವಾಗಿತ್ತು, ಆದರೆ ಚಹವೂ ಬರಲಿಲ್ಲ.

೧೭ ಜುಲೈ, ಶುಕ್ರವಾರ

ತನಿಖೆ ಆರಂಭಿಸಿದೆ. ಜುಟ್ಟು ಕೆಂಪಾದರೆ ಹುಂಜ ಎನ್ನುತ್ತಾರೆ. ಇದರ ಜುಟ್ಟು ಮುಂಜಾನೆ ನೋಡಿದರೆ ಗುಲಾಬಿ, ಬಿಸಿಲಲ್ಲಿ ನೋಡಿದರೆ ಕೆಂಪು, ಕನ್ನಡಕ ಒರೆಸಿ ನೋಡಿದರೆ ಎರಡೂ ಅಲ್ಲ. ಕಾಲು ಹಿಡಿದು ತಲೆಕೆಳಗು ಮಾಡಿದರೆ ಹುಂಜ ಕುತ್ತಿಗೆ ಎತ್ತುತ್ತದೆಂದು ಸೈದಾಬಿ ಗೋಡೆಯಾಚೆಯಿಂದ ಹೇಳಿದಳು. ಹಿಡಿದೆ. ಎತ್ತಿತು, ಎತ್ತಿ ನನ್ನ ಮುಂಗೈ ಕುಕ್ಕಿತು. ದಾರಕ್ಕೆ ಉಂಗುರ ಕಟ್ಟಿ ತಲೆಯ ಮೇಲೆ ಹಿಡಿದರೆ ಹುಂಜಕ್ಕೆ ನೆಟ್ಟಗೆ, ಹ್ಯಾಟಿಗೆ ಸುತ್ತುಗಟ್ಟಿ ತೂಗುತ್ತದೆಂದು ದೇವಕ್ಕ ಹೇಳಿದಳು. ಪವಿತ್ರದ ಉಂಗುರವನ್ನೇ ಕಟ್ಟಿ ಹಿಡಿದೆ. ಮೊದಲು ನೆಟ್ಟಗೆ ತೂಗಿತು, ಆಮೇಲೆ ಸುತ್ತಿತು. ಅಷ್ಟರಲ್ಲಿ ಭಾಗೀರಥಿ ಬಿಂದಿಗೆ ಹಿಡಿದು ಹಾದುಹೋದಳು, ಉಂಗುರ ನಿಂತೇಬಿಟ್ಟಿತು.

ದನದ ದವಾಖಾನೆಯ ಕಂಪೌಂಡರನನ್ನು ಕೇಳಿ ಬಂದೆ. "ತಿಂಗಳ ತಡೀರಿ ಸಾಹೇಬ್ರ, ಹುಂಜ ಇದ್ರ ತಾನಽ ಹೇಳತೈತಿ" ಎಂದ. ಅದಕ್ಕೆ ತಪ್ಪೊಪ್ಪಿಗೆ ಎನ್ನುತ್ತಾರೆ, ತನಿಖೆ ಎನ್ನುವುದಿಲ್ಲ.

ನನ್ನ ಸ್ವಂತ ಅಭಿಪ್ರಾಯ ಬೇರೆ. ಗಂಡಸುತನ ನಡಿಗೆಯಲ್ಲಿ ತಿಳಿಯುತ್ತದೆ. ಇದು ಬುಟ್ಟಿಯಿಂದ ಹೊರಗೆ ಬಂದರೆ ಎದೆ ಮುಂದೆ ಮಾಡಿ, ಒಂದೊಂದೇ ಕಾಲು ಎತ್ತಿ ಇಟ್ಟು, ಪಂಚನಾಮೆಗೆ ಬಂದ ಫೌಜದಾರನ ಹಾಗೆ ಹಿತ್ತಲನ್ನೆಲ್ಲ ನೋಡುತ್ತದೆ. ಕಡತದ ಅನುಕೂಲಕ್ಕಾಗಿ ಫೌಜದಾರ ಎಂದು ಹೆಸರಿಟ್ಟಿದ್ದೇನೆ. ಪ್ರೀತಿಯಿಂದ ಇಟ್ಟದ್ದಲ್ಲ.

೨೨ ಜುಲೈ, ಬುಧವಾರ

ಮೊದಲ ಮುದ್ದತು. ಉಭಯ ಪಕ್ಷದವರೂ ಹಾಜರು. ಇನ್ನೂ ಹೆಚ್ಚಿನ ಪರಿಶೀಲನೆ ಬೇಕೆಂದು ಮುಂದಿನ ತಾರೀಖು ಕೊಟ್ಟೆ. ಇಬ್ಬರೂ ಗೊಣಗುತ್ತ ಹೋದರು. ನಿವೃತ್ತಿಯಾದ ಮೇಲೆ ಇವತ್ತೇ ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತು.

೨೮ ಜುಲೈ, ಮಂಗಳವಾರ, ಪಂಚಮಿ

ಉಂಡಿ, ತಂಬಿಟ್ಟು, ಜೋಕಾಲಿ ಎಂದು ಓಣಿಯೆಲ್ಲ ಗದ್ದಲ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹಿತ್ತಲಲ್ಲಿ ಧಡಾರನೆ ಬುಟ್ಟಿ ಬಿದ್ದ ಸಪ್ಪಳ. ಹೋಗಿ ನೋಡಿದರೆ, ಓಣಿಯ ಮರಿಗಳನ್ನೆಲ್ಲ ಮುಕ್ಕಿದ ಆ ಕರಿ ಬೆಕ್ಕು. ನಾನು ಬಾಗಿಲಲ್ಲೇ ನಿಂತು "ಹಚಾ, ಹಚಾ" ಎಂದೆ. ಹೊರಗೆ ಹೋಗಲಿಲ್ಲ, ಎಂಜಲುಗೈ ಇತ್ತು. ಫೌಜದಾರ ಮೈಯ ಗರಿಯನ್ನೆಲ್ಲ ಎಬ್ಬಿಸಿ ಬೆಕ್ಕಿನ ಮೂಗಿಗೇ ಹಾರಿತು. ಬೆಕ್ಕು ಗೋಡೆ ಹತ್ತಿ ಹೋಯಿತು.

ನನಗೆ ಬಹಳ ಸಂತೋಷವಾಯಿತು. ಕಡತದ ದೃಷ್ಟಿಯಿಂದ ಹೇಳುತ್ತಿದ್ದೇನೆ. "ನೋಡಿದೇನು? ಇದು ಹುಂಜ ಅನ್ನೂದಕ್ಕ ಇನ್ನೇನು ಪುರಾವೆ ಬೇಕು. ಹ್ಯಾಟಿ ಇದ್ರ ಹೆದರಿ ಒಳಗ ಕೂಡತಿತ್ತು" ಎಂದೆ.

ಭಾಗೀರಥಿ ನನ್ನ ಹಿಂದೆಯೇ ನಿಂತಿದ್ದಳು. "ಜಬರದಸ್ತ ಇದ್ದದ್ದು ಹುಂಜ, ಹೆದರಿ ಒಳಗ ನಿಂತದ್ದು ಹ್ಯಾಟಿ ಅಂತ ನಿಮ್ಮ ಲೆಕ್ಕ ಏನು?" ಎಂದಳು.

"ಹೌದು."

"ಹಂಗಾದ್ರ ಈ ಮನ್ಯಾಗ ಹುಂಜ ಯಾರು?"

ಸಾಕ್ಷಿದಾರರು ಪ್ರಶ್ನೆ ಕೇಳುವ ಪದ್ಧತಿ ಇಲ್ಲ. ಆದರೆ ನಡಿಗೆಯ ಪುರಾವೆ ಅಷ್ಟು ಗಟ್ಟಿಯಾದದ್ದಲ್ಲವೆಂದು ಈಗ ನನಗೂ ಅನ್ನಿಸುತ್ತದೆ. ತೀರ್ಪನ್ನು ಇನ್ನೊಂದು ಮುದ್ದತಿಗೆ ಮುಂದೂಡಿದೆ.

೩ ಆಗಸ್ಟ್, ಸೋಮವಾರ

ಸಜ್ಜೆ ತರಲು ಪೇಟೆಗೆ ಹೋಗಿದ್ದೆ. ಜೋಳದ ನುಚ್ಚು ಇದಕ್ಕೆ ಆಗಿಬರುವುದಿಲ್ಲ, ಮುಖ ತಿರುಗಿಸುತ್ತದೆ. ಅಂಗಡಿಯಲ್ಲಿ ಕೋರ್ಟಿನ ಬಸಲಿಂಗಪ್ಪ ಸಿಕ್ಕ. ನಾನಿದ್ದಾಗ ನನ್ನ ಕೈಕೆಳಗೆ ಕಾರಕೂನನಾಗಿದ್ದವನು. "ಹ್ಯಾಂಗ ವ್ಯಾಳ್ಯಾ ಹೋಗತೈತ್ರಿ ರಾಯರ?" ಎಂದು ಕನಿಕರದಿಂದ ಕೇಳಿದ. "ಒಂದು ಕೇಸು ನಡದದ, ಪುರಸೊತ್ತಿಲ್ಲ" ಎಂದೆ. ಸಜ್ಜೆಯ ಚೀಲ ನೋಡಿ ಏನೂ ಕೇಳಲಿಲ್ಲ. ತಿಳಿವಳಿಕೆಯಿದ್ದವನು.

ಮನೆಗೆ ಬಂದರೆ ಭಾಗೀರಥಿ ಬಚ್ಚಲದ ಆಚೆ ಬಗ್ಗಿ ನಿಂತಿದ್ದಳು. ನನ್ನನ್ನು ಕಂಡು ಸೆಟೆದು ನಿಂತಳು. ಕೆಳಗೆ ಹಿಡಿ ಕೊಬ್ಬರಿ ತುರಿ ಬಿದ್ದಿತ್ತು, ಫೌಜದಾರ ಅದನ್ನು ಆರಿಸಿಕೊಂಡು ತಿನ್ನುತ್ತಿದ್ದ.

"ಚೆಲ್ಲಿತು" ಎಂದಳು.

ತುರಿಯುವ ಮಣೆ ಇರುವುದು ಅಡುಗೆಮನೆಯಲ್ಲಿ. ಅಲ್ಲಿಂದ ಇಲ್ಲಿಗೆ ಕೊಬ್ಬರಿ ಹೇಗೆ ಚೆಲ್ಲಿತೆಂದು ಪಾಟಿ ಸವಾಲು ಹಾಕಬಹುದಾಗಿತ್ತು. ಚಹ ಕೊಟ್ಟಳು, ಅದರಲ್ಲಿ ಶುಂಠಿ ಹಾಕಿದ್ದಳು, ಬಿಟ್ಟುಬಿಟ್ಟೆ.

೧೦ ಆಗಸ್ಟ್, ಸೋಮವಾರ

ರಾಯರ ಆರಾಧನೆ. ಮಠದಲ್ಲಿ ಊಟ ಮುಗಿಸಿ ಆಚಾರ್ಯರು ನಮ್ಮಲ್ಲಿ ಅರ್ಧ ತಾಸು ಅಡ್ಡಾಗಲು ಬಂದರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಹಾಗೇ ನಿಂತರು. ಫೌಜದಾರ ತುಳಸಿಕಟ್ಟೆಯ ಮೇಲೆ, ಬೃಂದಾವನಕ್ಕೆ ಬೆನ್ನು ಕೊಟ್ಟು ನಿಂತಿದ್ದ.

"ಭಾಗೀರಥಿಬಾಯಿ, ಏನಿದು?" ಎಂದರು ಆಚಾರ್ಯರು. ಮನೆಯೊಡೆಯ ನಾನು ಪಕ್ಕದಲ್ಲೇ ಇದ್ದೆ. ಕೇಳಿದ್ದು ಅವಳನ್ನು.

"ಅದು ಕೋರ್ಟಿನದು" ಎಂದಳು ಅವಳು, ಕಣ್ಣು ಮಿಟುಕಿಸದೆ. "ವಾದದಾಗ ಅದ. ಅದಕ್ಕ ಮೈಲಿಗಿ ಇಲ್ಲ."

ಆಚಾರ್ಯರು ಕೋರ್ಟಿಗೆ ಹೆದರುವವರು. ಅವರದೇ ಒಂದು ಮನೆಯ ಜಾಗದ ದಾವೆ ನಡೆದಿದೆ. ಸುಮ್ಮನೆ ಕೈ ತೊಳೆದು ಹೋದರು. ಸಂಜೆ ಒಂದು ಹೋಳಿಗೆ ಉಳಿದಿತ್ತು. ಅರ್ಧ ನನಗೆ ಬಂತು.

೧೩ ಆಗಸ್ಟ್, ಗುರುವಾರ

ಸೈದಾಬಿ ಒಬ್ಬಳೇ ಬಂದಳು. ಮುಂದಿನ ಗುರುವಾರ ಕಂದೂರಿ. ಊಟದ ಹೇಳಿಕೆ ಕೊಟ್ಟು ಆಗಿದೆ, ಸಂಗೊಳ್ಳಿಯ ಬೀಗರೂ ಬರುವವರಿದ್ದಾರೆ. ಅಂದು ಮುಂಜಾನೆ ತೀರ್ಪು ಬೇಕೇ ಬೇಕು ಎಂದಳು. ಯಾವಾಗಲೂ ಜೋರಾಗಿ ಮಾತಾಡುವವಳು ಇವತ್ತು ಮೆಲ್ಲಗೆ ಮಾತಾಡಿದಳು. ವೈಶಾಖದಲ್ಲಿ ಸಾಜಿದ್‌ನ ಜ್ವರ ತಲೆಗೇರಿ ತಾಯಿಯ ಗುರುತು ಹತ್ತದ ಹಾಗಾಗಿತ್ತಂತೆ. ದವಾಖಾನೆಯವರು ದೇವರ ಮೇಲೆ ಭಾರ ಹಾಕಿರೆಂದರಂತೆ. ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಬೇಡಿಕೊಂಡ ಹರಕೆ ಇದು.

"ಹುಂಜ ಇದ್ದು ಕೊಡದ ಹೋದ್ರ ನನ್ನ ಎದಿ ನಿಲ್ಲೂದಿಲ್ರಿ ರಾಯರ" ಎಂದಳು. "ಹ್ಯಾಟಿ ಇತ್ತಂದ್ರ ಪೀರನ ಮುಂದ ನನ್ನ ತಪ್ಪಿಲ್ಲ, ಬ್ಯಾರೆ ಹುಂಜ ತಂದು ಮಾಡತೇನಿ. ಆದ್ರ ಖರೇ ಹೇಳಬೇಕ ನೀವು."

ಖರೇನೇ ಹೇಳುತ್ತೇನೆ ಎಂದೆ. ಅವಳು ಬುಟ್ಟಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು. ಫೌಜದಾರ ಬಂದು ಅವಳ ಕಾಲುಂಗುರ ಕುಕ್ಕತೊಡಗಿದ. "ಬೇಡಿಕೊಂಡಾಗ ಇದು ಮೊಟ್ಟಿಯೊಳಗಿತ್ರಿ. ಮುಖಾ ನೋಡಿದ್ದಿಲ್ಲ" ಎಂದಳು, ಆಮೇಲೆ ಸೆರಗು ಹೊದ್ದುಕೊಂಡು ಹೋದಳು.

ಇಷ್ಟು ದಿನ ನಾನು ಈ ಕೇಸನ್ನು ವೇಳೆ ಕಳೆಯುವ ಆಟ ಮಾಡಿಕೊಂಡಿದ್ದೆನೇನೋ. ನಾಚಿಕೆಯಾಯಿತು. ಖರೇ ಹೇಳಲೇಬೇಕು.

೧೬ ಆಗಸ್ಟ್, ರವಿವಾರ

ಬೆಳಗಿನ ಝಾವ ಹಿತ್ತಲಿನಿಂದ ಒಂದು ಸದ್ದು ಬಂತು. ಬಾವಿಯ ತುಕ್ಕು ಹಿಡಿದ ಗಡಗಡೆಯಿಂದ ಕೊಡ ಎಳೆದ ಹಾಗೆ. ಅರ್ಧಕ್ಕೇ ನಿಂತಿತು. ನಾನು ಹಾಸಿಗೆಯ ಮೇಲೆ ಎದ್ದು ಕುಳಿತೆ. ಭಾಗೀರಥಿಯೂ ಎದ್ದು ಕುಳಿತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದಕ್ಕೆ ಥಂಡಿಯಾಗಿರಬಹುದು. ಶ್ರಾವಣದ ಜಿಟಿಜಿಟಿ ಮಳೆ. ಕೆಮ್ಮು ಕೂಡ ಹಾಗೆಯೇ ಕೇಳುತ್ತದೆ.

ಎರಡನೆಯ ಸಲ ಕೆಮ್ಮಿದಾಗ ಭಾಗೀರಥಿ ಓಡಿ ಹೋಗಿ ದೇವರ ಮುಂದಿನ ಜಾಗಟೆ ಬಾರಿಸತೊಡಗಿದಳು. ನಾನು ಹಿತ್ತಲಿಗೆ ಹೋಗಿ ಬುಟ್ಟಿಯ ಮೇಲೆ ಗೋಣಿಚೀಲ ಹಾಕಿ, ಗಂಟಲು ಕಿತ್ತು ಹೋಗುವಂತೆ ಕ್ಯಾಕರಿಸಿದೆ. ಗೋಡೆಯಾಚೆ ನಲ್ಲಿಯಲ್ಲಿ ಯಾರೋ ನೀರು ತುಂಬುತ್ತಿದ್ದರು. ಅವರಿಗೆ ಜಾಗಟೆ ಬಿಟ್ಟು ಏನೂ ಕೇಳಿಸಿರಲಾರದು.

ಮಧ್ಯಾಹ್ನ ದೇವಕ್ಕ ಬಂದು, "ಬಾಯಾರ ಪೂಜಿ ಈ ವರ್ಷ ಭಾಳ ಜೋರ್ ಐತಿ" ಎಂದಳು. ಶ್ರಾವಣವಲ್ಲವೇ ಎಂದೆ.

೧೯ ಆಗಸ್ಟ್, ಬುಧವಾರ

ಮೂರು ದಿನದಿಂದ ಜಾಗಟೆ, ಕ್ಯಾಕರಿಕೆ ನಡೆದೇ ಇದೆ. ನನಗೆ ಗಂಟಲು ಬಿದ್ದು ಹೋಗಿದೆ.

ಇಲ್ಲಿ ಯಾರೂ ಓದುವವರಿಲ್ಲವಾದ್ದರಿಂದ ಬರೆದುಬಿಡುತ್ತೇನೆ. ಅದು ಹುಂಜ. ಬಾಲದಲ್ಲಿ ಬಾಗಿದ ಗರಿ ಬರುತ್ತಿವೆ, ಜುಟ್ಟು ಯಾವ ಬೆಳಕಿನಲ್ಲಿ ನೋಡಿದರೂ ಕೆಂಪು. ಹುಂಜ ಎಂದರೆ ನಾಳೆ ಮಧ್ಯಾಹ್ನದೊಳಗೆ ಅದು ಇರುವುದಿಲ್ಲ. ಹ್ಯಾಟಿ ಎಂದರೆ ಮಗನನ್ನು ಉಳಿಸಿಕೊಂಡ ತಾಯಿಗೆ ಮೋಸ. ಸೇವೆಯಲ್ಲಿ ಇದ್ದಷ್ಟು ದಿನ ಒಂದು ಅಕ್ಷರ ತಿದ್ದಿದವನಲ್ಲ ನಾನು. ಊರಿಗೇ ಗೊತ್ತು. ಅದಕ್ಕೇ ಅಲ್ಲವೇ ನನ್ನ ಹತ್ತಿರ ತಂದದ್ದು?

ಆದರೆ ನನಗೆ ಅವನನ್ನು ಕೊಡಲು ಮನಸ್ಸಿಲ್ಲ. ಮುಂಜಾನೆ ಬುಟ್ಟಿ ಎತ್ತಿದರೆ ಓಡಿ ಬಂದು ಧೋತರದ ಅಂಚು ಹಿಡಿಯುತ್ತಾನೆ. ಕೋರ್ಟು ಬಿಟ್ಟ ಮೇಲೆ ನನ್ನ ದಾರಿ ಕಾಯುವವರು ಬೇರೆ ಯಾರಿದ್ದಾರೆ.

ಭಾಗೀರಥಿಗೆ ಹೇಳಿದೆ, ನಾಳೆ ಖರೇ ಹೇಳಬೇಕಾಗುತ್ತದೆ ಎಂದು. ಅವಳು ಹೂವು ತರುತ್ತೇನೆಂದು ಬಸ್ ಸ್ಟ್ಯಾಂಡಿನ ಕಡೆ ಹೋದಳು. ಹೂವಿಲ್ಲದೆ ಬಂದಳು.

೨೦ ಆಗಸ್ಟ್, ಗುರುವಾರ

ಎಲ್ಲವನ್ನೂ ನಡೆದ ಹಾಗೆ ಬರೆಯುತ್ತೇನೆ.

ಮುಂಜಾನೆ ಎದ್ದು ಬುಟ್ಟಿ ಎತ್ತಿದೆ. ಒಳಗೆ ಒಂದು ಮೊಟ್ಟೆ. ಸುಣ್ಣ ಬಳಿದ ಹಾಗೆ ಬೆಳ್ಳಗೆ, ಫೌಜದಾರನ ತಲೆಗಿಂತ ದೊಡ್ಡದು. ಅದರ ಕೆಳಗೆ ಚೊಕ್ಕಟವಾಗಿ ಮಡಿಚಿದ ಬಾಳೆಎಲೆಯ ತುಂಡು, ಉಪ್ಪಿನಕಾಯಿ ಬಡಿಸಲು ಮಡಿಚುತ್ತಾರಲ್ಲ ಹಾಗೆ. ಫೌಜದಾರ ಮೂಲೆಗೆ ಒತ್ತಿಕೊಂಡು ನಿಂತು ಅದನ್ನು ಹೆದರಿ ನೋಡುತ್ತಿದ್ದ. ಮುಟ್ಟಿ ನೋಡಿದೆ, ಹಿಮದಂತೆ ತಣ್ಣಗಿತ್ತು.

ಸುಳ್ಳು ಪುರಾವೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಸತ್ತವರು ಮಾಡಿದ ಸಹಿ ಕಂಡಿದ್ದೇನೆ. ಆದರೆ ಮೊಟ್ಟೆಯನ್ನು ಕೈಯಿಂದ ಮುಟ್ಟಬಾರದೆಂದು ಎಲೆಯಲ್ಲಿ ಹಿಡಿದು ತಂದಿಟ್ಟ ಪುರಾವೆಯನ್ನು ಕಂಡಿರಲಿಲ್ಲ. ತಿರುಗಿ ನೋಡಿದೆ. ಭಾಗೀರಥಿ ತುಳಸಿಕಟ್ಟೆಯ ಹತ್ತಿರ ನನಗೆ ಬೆನ್ನು ಮಾಡಿ ನಿಂತಿದ್ದಳು. ತಲೆಯಿಂದ ನೀರು ಇನ್ನೂ ಸೋರುತ್ತಿತ್ತು. ಶ್ರಾವಣದ ಗುರುವಾರ, ಉಳ್ಳಾಗಡ್ಡಿ ಕೂಡ ಮುಟ್ಟದವಳು.

ನಾನು ಆ ಎಲೆಯನ್ನು ಎಳೆದು ತಿಪ್ಪೆಗೆ ಒಗೆದೆ. ಮೊಟ್ಟೆಯ ಕೆಳಗೆ ನಾಲ್ಕು ಹುಲ್ಲುಕಡ್ಡಿ ಹಾಕಿದೆ.

ಸೈದಾಬಿ, ಮೆಹಬೂಬಸಾಬ, ದೇವಕ್ಕ ಮೂವರೂ ಬಂದರು. ಮೆಹಬೂಬಸಾಬನ ಗಡ್ಡದಲ್ಲಿ ಅರಳೆ ಅಂಟಿತ್ತು, ಮುಂಜಾನೆಯ ಕೆಲಸ ಬಿಟ್ಟು ಎದ್ದು ಬಂದಿದ್ದ. ನಾನು ಬಚ್ಚಲದ ಮೆಟ್ಟಿಲ ಮೇಲೆ ನಿಂತು, ಬಿದ್ದ ಗಂಟಲಲ್ಲಿ, ಉಭಯ ಪಕ್ಷದವರ ಹೇಳಿಕೆ ಆಲಿಸಿ, ಮುದ್ದೆಮಾಲನ್ನು ಖುದ್ದಾಗಿ ಪರಿಶೀಲಿಸಿ, ಇದು ಹ್ಯಾಟಿ ಎಂದು ತೀರ್ಮಾನಿಸಿದ್ದೇನೆ, ಪುರಾವೆ ಬುಟ್ಟಿಯಲ್ಲಿದೆ ಎಂದೆ.

ದೇವಕ್ಕ ಬಗ್ಗಿ ನೋಡಿದಳು. ನೋಡಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೆಹಬೂಬಸಾಬ ಆಕಾಶ ನೋಡತೊಡಗಿದ. ಸೈದಾಬಿ ಮೊಟ್ಟೆ ಎತ್ತಿಕೊಂಡು ಅಂಗೈಯಲ್ಲಿ ತೂಗಿದಳು.

"ರಾಯರ, ಇದು ಹುಟ್ಟಿ ಇನ್ನೂ ಮೂರು ತಿಂಗಳಾಗಿಲ್ಲ" ಎಂದಳು. "ಹ್ಯಾಟಿ ಮೊಟ್ಟಿ ಇಡಾಕ ಆರು ತಿಂಗಳರ ಆಗಬೇಕು."

ನನಗೆ ಅದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಗ ಭಾಗೀರಥಿ ಈ ಕಡೆ ಬಂದಳು. "ಇಟ್ಟದ, ಸೈದಾಬಿ. ನಾ ಕಣ್ಣಾರೆ ನೋಡೇನಿ" ಎಂದಳು. ಹಾಲಿನವನು ಲೆಕ್ಕ ಮರೆತರೆ ಕರೆದು ನೆನಪಿಸುವ ಹೆಂಗಸು ಇವಳು. ಸುಳ್ಳು ಹೇಳಿದ್ದನ್ನು ನಾನು ಇವತ್ತೇ ಕೇಳಿದೆ.

ಸೈದಾಬಿ ಅವಳನ್ನು ನೋಡಿದಳು. ಹಸಿ ಕೂದಲು ನೋಡಿದಳು. ಒಣಗಿದ ಕೈಯನ್ನೇ ಮತ್ತೆ ಮತ್ತೆ ಸೆರಗಿಗೆ ಒರೆಸುವುದನ್ನು ನೋಡಿದಳು. ಫೌಜದಾರ ಭಾಗೀರಥಿಯ ಸೀರೆಯ ನೆರಿಗೆಯಲ್ಲಿ ತಲೆ ತೂರಿಸಿ ನಿಂತಿದ್ದ, ಅದನ್ನೂ ನೋಡಿದಳು. ಅವಳ ಮಾತಿಗೆ ನಾನು ಕಾದಷ್ಟು ಯಾವ ಜಡ್ಜಮೆಂಟಿಗೂ ಕಾದಿಲ್ಲ.

"ನೀವು ನೋಡೀರಂದ್ರ ಆತ್ರಿ, ಬಾಯಾರ" ಎಂದು ಮೊಟ್ಟೆಯನ್ನು ಮೆಲ್ಲಗೆ ಬುಟ್ಟಿಯಲ್ಲಿಟ್ಟಳು. "ಇದು ಪೀರಸಾಹೇಬ್ರ ಕರಾಮತ್ತು. ಅವ್ರಿಗೆ ಇದು ಬ್ಯಾಡಾಗೈತಿ, ಅದಕ್ಕ ಆಗಲಾರದ್ದು ಆಗೈತಿ." ಆಮೇಲೆ ಗಂಡನ ಕಡೆ ತಿರುಗಿ, "ಇನ್ನ ಯಾಕ ನಿಂತ್ರಿ? ಮುರಗೋಡದವ್ರು ಪ್ಯಾಟ್ಯಾಗ ಹುಂಜ ತಂದಿರತಾರ. ಚಲೋದು ನೋಡಿ ತೊಗೊಂಡು ಬರ್ರಿ" ಎಂದಳು. ಮೆಹಬೂಬಸಾಬ ಹೋದ.

ತೀರ್ಪಿನ ಪ್ರಕಾರ ಹ್ಯಾಟಿ ದೇವಕ್ಕನಿಗೆ ಹೋಗಬೇಕು. ಬುಟ್ಟಿ ಸಮೇತ ಮುಂದಿಟ್ಟೆ. ಭಾಗೀರಥಿ ಒಳಗೆ ಹೋಗಿಬಿಟ್ಟಳು. ದೇವಕ್ಕ ಇನ್ನೂ ಸೆರಗು ಬಾಯಿಂದ ತೆಗೆದಿರಲಿಲ್ಲ.

"ಮೊಟ್ಟಿ ಇಡೂ ಹ್ಯಾಟಿನ ಜಾಗಾ ಬದಲ ಮಾಡಬಾರದ್ರಿ, ಇಡೂದಽ ಬಿಡತೈತಿ" ಎಂದಳು. "ಇಲ್ಲೇ ಇರಲಿ. ಮೊಟ್ಟಿ ಇಟ್ಟಾಗೊಮ್ಮೆ ನನಗ ಕಳಸ್ರಿ."

ಎಷ್ಟು ಕಳಿಸಬೇಕಾದೀತೆಂದು ಯೋಚಿಸುವಷ್ಟರಲ್ಲಿ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈಹಾಕಿಕೊಂಡು ಹೋದರು. ಗೋಡೆಯಾಚೆ ಹೋದ ಮೇಲೆ ಅವರು ನಕ್ಕದ್ದು ಬಹಳ ಹೊತ್ತು ಕೇಳಿಸಿತು.

ಊಟಕ್ಕೆ ಕುಳಿತಾಗ ಭಾಗೀರಥಿ, "ಏನರ ಕೇಳೂದದ ಏನು?" ಎಂದಳು. ಇಲ್ಲ ಎಂದೆ. ತುಪ್ಪ ಬಡಿಸಿದಳು.

೨೧ ಆಗಸ್ಟ್, ಶುಕ್ರವಾರ

ಇವತ್ತು ಬೆಳಗಿನ ಝಾವ ಪೂರಾ ಕೂಗಿದ. ಅರ್ಧಕ್ಕೆ ನಿಲ್ಲಲಿಲ್ಲ, ತಡವರಿಸಲಿಲ್ಲ. ಪೇಟೆಯವರೆಗೆ ಕೇಳಿಸಿರಬೇಕು. ನನಗೂ ಭಾಗೀರಥಿಗೂ ಏನು ಮಾಡಲೂ ಪುರಸೊತ್ತಾಗಲಿಲ್ಲ. ಹಿತ್ತಲ ಬಾಗಿಲಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಳ್ಳರ ಹಾಗೆ ನಿಂತೆವು. ಗೋಡೆಯಾಚೆ ಕೊಡಕ್ಕೆ ನೀರು ಬೀಳುವ ಸಪ್ಪಳ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಸೈದಾಬಿ ಕೂಗಿ ಹೇಳಿದಳು.

"ಬಾಯಾರ, ನಿಮ್ಮ ಹ್ಯಾಟಿ ಎದ್ದೈತಿ. ಕಾಳು ಹಾಕ್ರಿ."